ನೆನೆದ ಹಗ್ಗದ ನೂರು ಗಜ

ವ್ಯಾಯಾಮ ಶಿಕ್ಷಕರಾಗಿ ಹೊಸದಾಗಿ ನೇಮಕವಾದ ಇಬ್ಬರು ತರುಣರು ಮೊನ್ನೆ ಮನೆಗೆ ಬಂದಿದ್ದರು. ಇಷ್ಟು ವರ್ಷ ಈ ಕೆಲಸ ಮಾಡಿದವರು ನೀವು, ನಮಗೆ ಉಪಯೋಗವಾಗುವ ಹಾಗೆ ಏನಾದರೂ ಬರೆದುಕೊಡಿ ಎಂದರು. ಅವರು ಹೋದ ಮೇಲೆ ಕಪಾಟಿನಿಂದ ಡೈರಿಗಳನ್ನು ಇಳಿಸಿ ಎಣಿಸಿದೆ. ಮೂವತ್ತೊಂದು ಇದ್ದವು. ಅದರಲ್ಲಿ ಒಂದನ್ನು ಗೆದ್ದಲು ತಿಂದಿದೆ. ಅದು ನನಗೆ ಬಡ್ತಿ ಸಿಕ್ಕಿದ ವರ್ಷದ್ದು. ಆದ್ದರಿಂದ ಬಡ್ತಿಯ ವಿಷಯ ಬರೆಯುವುದಿಲ್ಲ. ಗೆದ್ದಲಿಗೂ ಒಂದು ವಿವೇಚನೆ ಇರುತ್ತದೆ.

ನನ್ನ ಡೈರಿಯಲ್ಲಿ ದಿನಕ್ಕೆ ನಾಲ್ಕು ಸಾಲು: ಹವೆ, ಡ್ರಿಲ್ಲಿಗೆ ಬಂದವರ ಸಂಖ್ಯೆ, ಮುರಿದ ಸಾಮಾನು, ಇಂದಿನ ತಪ್ಪು. ಮದ್ರಾಸಿನಲ್ಲಿ ತರಬೇತಿ ಪಡೆಯುವಾಗ ಕಲಿತ ಕ್ರಮ ಇದು. ಆಗ ನನಗೆ ಇಪ್ಪತ್ತೆರಡು ವರ್ಷ. ಬರೆದಿಟ್ಟದ್ದೆಲ್ಲ ನಿಜ ಎಂದು ನಂಬುವ ವಯಸ್ಸು. ಮೊದಲ ಮೂರು ಸಾಲುಗಳು ಎಷ್ಟೋ ದಿನ ಖಾಲಿ ಉಳಿದಿವೆ. ನಾಲ್ಕನೆಯ ಸಾಲು ಖಾಲಿ ಉಳಿದ ದಿನಗಳನ್ನು ಮೊನ್ನೆ ಎಣಿಸಿದೆ. ಇಡೀ ವೃತ್ತಿಯಲ್ಲಿ ಹತ್ತು. ಆ ಹತ್ತರಲ್ಲಿ ಒಂಬತ್ತು ದಿನ ನಾನು ಜ್ವರದಿಂದ ಮಲಗಿದ್ದೆ.

ಕಳೆದುಹೋದ ವಿಸಿಲುಗಳು ಹದಿನಾಲ್ಕು. ಆ ಲೆಕ್ಕ ಬೇರೆ.

ನಾನು ಕೆಲಸಕ್ಕೆ ಸೇರಿದ್ದು ೧೯೫೫ರ ಜೂನ್‌ನಲ್ಲಿ, ಬೆಳ್ಳಾರೆಯ ಹತ್ತಿರದ ಒಂದು ಹೈಸ್ಕೂಲಿಗೆ. ಹೆಡ್ಮಾಸ್ಟ್ರು ಶಂಭಟ್ಟರು ಗಣಿತದವರು. ಆಟ ಆಡಿದರೆ ಮಕ್ಕಳಿಗೆ ಹಸಿವಾಗುತ್ತದೆ, ಹಸಿವಾದರೆ ಗಣಿತ ತಲೆಗೆ ಹತ್ತುವುದಿಲ್ಲ ಎಂಬುದು ಅವರ ಸಿದ್ಧಾಂತ. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಡ್ರಿಲ್ ಅಂದ್ರೆ ಎಂತ ಗೊತ್ತುಂಟಾ ನಿಮಗೆ?"

ನಾನು ಮದ್ರಾಸಿನ ಪಾಠವನ್ನು ಒಪ್ಪಿಸತೊಡಗಿದೆ. ಅವರು ಕೈ ಎತ್ತಿ ನಿಲ್ಲಿಸಿದರು. "ಅದೆಲ್ಲ ಅಲ್ಲ ಮಾರಾಯ್ರೆ. ಡ್ರಿಲ್ ಅಂದ್ರೆ ಪಕ್ಕದ ಕ್ಲಾಸಿಗೆ ಸದ್ದು ಕೇಳದ ಹಾಗೆ ಮಕ್ಕಳನ್ನು ನೋಡಿಕೊಳ್ಳುದು."

ಅದರ ಜೊತೆಗೆ ಗಂಟೆ ಹೊಡೆಯುವುದರ ಮೇಲ್ವಿಚಾರಣೆ, ತೋಟದ ಬೇಲಿ, ಬಾವಿಯ ಹಗ್ಗ ಸವೆದಾಗ ಹೊಸತು ಹಾಕಿಸುವುದು, ಇವೆಲ್ಲ ನನ್ನ ಪಾಲಿಗೆ ಬಂದವು. ಬಾವಿಯ ಹಗ್ಗವನ್ನು ನೆನಪಿಡಿ. ಐದು ವರ್ಷ ಆ ಹಗ್ಗ ನನ್ನ ಕೈಯಲ್ಲೇ ನೆನೆದು ಒಣಗಿತು. ಅದರಿಂದ ನಾನು ಏನೂ ಕಲಿಯಲಿಲ್ಲ.

ಹೆಡ್ಮಾಸ್ಟ್ರಿಗೆ ಆಟದ ಮೇಲೆ ಒಲವು ಹುಟ್ಟಿದ್ದು ೧೯೫೬ರ ಕೊನೆಗೆ. ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ಹಾಕಿ ತಂಡ ಆರನೆಯ ಬಾರಿ ಚಿನ್ನ ಗೆದ್ದಿತ್ತು. ಪತ್ರಿಕೆ ಓದಿದ ಶಂಭಟ್ಟರು ಕಣ್ಣು ಒದ್ದೆ ಮಾಡಿಕೊಂಡು ಬಂದು, ಸೋಮವಾರದಿಂದ ನಮ್ಮ ಶಾಲೆಯಲ್ಲೂ ಹಾಕಿ ಎಂದರು. ಶಾಲೆಯಲ್ಲಿ ಇದ್ದದ್ದು ಎರಡು ಹಾಕಿ ಕೋಲು. ಉಳಿದ ಒಂಬತ್ತನ್ನು ತೆಂಗಿನ ಮಡಲಿನ ದಪ್ಪ ಬುಡದಿಂದ ಕಡಿಸಿದೆ. ಮಾರ್ಚ್‌ನಲ್ಲಿ ಪುತ್ತೂರಿನ ಶಾಲೆಯೊಂದು ನಮ್ಮಲ್ಲಿಗೆ ಆಡಲು ಬಂತು. ನಮ್ಮ ಮೈದಾನಕ್ಕೆ ಇಳಿಜಾರು. ಮೊದಲ ಅರ್ಧದಲ್ಲಿ ನಮ್ಮವರು ಮೇಲಿನಿಂದ ಕೆಳಕ್ಕೆ ಆಡಲಿ ಎಂದು ನಾನು ಉಪಾಯ ಮಾಡಿದೆ. ಚೆಂಡು ನಮ್ಮ ಹುಡುಗರಿಗಿಂತ ವೇಗವಾಗಿ ಇಳಿದು ಮೈದಾನದ ಕೆಳಗೆ ಹರಿಯುವ ತೋಡಿಗೆ ಬಿತ್ತು. ಅದನ್ನು ಹುಡುಕುವುದರಲ್ಲಿ ಮೊದಲ ಅರ್ಧ ಮುಗಿಯಿತು. ಎರಡನೆಯ ಅರ್ಧದಲ್ಲಿ ಪುತ್ತೂರಿನವರು ಕೆಳಕ್ಕೆ ಆಡಿದರು. ಅವರು ತೋಡಿನ ದಡದಲ್ಲಿ ಒಬ್ಬನನ್ನು ನಿಲ್ಲಿಸಿದ್ದರು.

ಡೈರಿಯಲ್ಲಿ ಹೀಗಿದೆ: "ಹವೆ: ಬಿಸಿಲು. ಸೊನ್ನೆ–ಒಂಬತ್ತು. ಮುರಿದ ಸಾಮಾನು: ಏಳು ಮಡಲು. ಇಂದಿನ ತಪ್ಪು: ಉಪಾಯ."

ಇನ್ನು ರೋಮ್‌ನ ವಿಷಯಕ್ಕೆ ಬರುತ್ತೇನೆ.

೧೯೬೦ರ ಆಗಸ್ಟ್ ಕೊನೆಗೆ ಅಲ್ಲಿ ಒಲಿಂಪಿಕ್ಸ್ ಶುರುವಾಯಿತು. ನಮ್ಮೂರಿನ ಒಂದೇ ಒಂದು ರೇಡಿಯೋ ಬ್ಯಾಟರಿ ಮುಗಿದು ಮಲಗಿತ್ತು. ಪತ್ರಿಕೆ ಮಂಗಳೂರಿನಿಂದ ಪುತ್ತೂರಿಗೆ, ಪುತ್ತೂರಿನಿಂದ ನಮ್ಮಲ್ಲಿಗೆ ಮಧ್ಯಾಹ್ನದ ಬಸ್ಸಿನಲ್ಲಿ ಬರುತ್ತಿತ್ತು. ನಾನು ಒಂದು ಕರಿಹಲಗೆಯನ್ನು ರಸ್ತೆಗೆ ಕಾಣುವ ಹಾಗೆ ಶಾಲೆಯ ಜಗಲಿಯಲ್ಲಿ ನಿಲ್ಲಿಸಿ, ಪ್ರತಿದಿನ ನಮ್ಮ ದೇಶದ ತಂಡದ ಫಲಿತಾಂಶವನ್ನು ಅದರಲ್ಲಿ ಬರೆಯತೊಡಗಿದೆ. ಕೈಯಲ್ಲಿ ಒಂದು ಪಟ್ಟಿ ಪುಸ್ತಕ ಬೇರೆ. ಅದರಲ್ಲಿ ಮೂರು ಕಾಲಂ: ಪ್ರಥಮ, ದ್ವಿತೀಯ, ತೃತೀಯ. ದಿನದಿನವೂ ಮೂರೂ ಖಾಲಿ.

ಹಲಗೆಯ ಎದುರೇ ಬಸ್ಸು ನಿಲ್ಲುವ ಜಾಗ, ಅದರ ಪಕ್ಕದಲ್ಲಿ ಅದ್ರಾಮ ಬ್ಯಾರಿಯವರ ಚಹಾದ ಹೋಟೆಲು. ಊರೆಲ್ಲ ಅವರನ್ನು ಅದ್ರಾಮಾಕ ಎನ್ನುತ್ತಿತ್ತು. ನಾನು ಹಲಗೆ ಬರೆಯುವಾಗ ಅವರು ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಬಂದು ಹಿಂದೆ ನಿಲ್ಲುತ್ತಿದ್ದರು.

ಒಂದು ದಿನ ಬರೆದೆ: ನಾನೂರು ಮೀಟರ್ ಓಟ, ಭಾರತಕ್ಕೆ ನಾಲ್ಕನೆಯ ಸ್ಥಾನ.

"ನಾಲ್ಕನೆಯವನಿಗೆ ಎಂತ ಕೊಡ್ತಾರೆ ಮಾಸ್ಟ್ರೆ?"

"ಏನೂ ಇಲ್ಲ ಅದ್ರಾಮಾಕ."

"ಒಂದು ಲೋಟೆ ಕೂಡ ಇಲ್ವಾ? ನಮ್ಮ ಶಾಲೆಯಲ್ಲಿ ಗೋಣಿಚೀಲದ ಓಟದಲ್ಲಿ ಬಿದ್ದವನಿಗೂ ಪೆನ್ಸಿಲು ಕೊಡ್ತೀರಲ್ಲ."

ನನಗೆ ರೇಗಿತು. ಚಾಕ್‌ಪೀಸು ಹಿಡಿದುಕೊಂಡೇ ಭಾಷಣ ಮಾಡಿದೆ. "ಇಡೀ ಲೋಕದಲ್ಲಿ ಅವನ ಮುಂದೆ ಇರುವುದು ಮೂರೇ ಜನ. ಉಳಿದ ಲೋಕವೆಲ್ಲ ಅವನ ಹಿಂದೆ. ನೀವು, ನಾನು, ಹೆಡ್ಮಾಸ್ಟ್ರು, ಎಲ್ಲರೂ ಹಿಂದೆ. ನಾಲ್ಕನೆಯ ಸ್ಥಾನ ಅಂದರೆ ಸಣ್ಣದಲ್ಲ."

"ಸಣ್ಣದಲ್ಲದಿದ್ರೆ ದೊಡ್ಡಕ್ಕೆ ಬರೀರಿ ಮತ್ತೆ," ಎಂದರು. ನಾನು ಅಳಿಸಿ, ಒಂದು ಗೇಣು ಎತ್ತರದ ಅಕ್ಷರಗಳಲ್ಲಿ ಮತ್ತೆ ಬರೆದೆ. ಪಟ್ಟಿ ಪುಸ್ತಕದಲ್ಲಿ ಮಾತ್ರ ಅದನ್ನು ಬರೆಯಲು ಕಾಲಂ ಇರಲಿಲ್ಲ.

ಅದೇ ವಾರದ ಕೊನೆಗೆ, ಶುಕ್ರವಾರ, ಹಾಕಿ ಫೈನಲ್, ಪಾಕಿಸ್ತಾನದ ಎದುರು. ಒಲಿಂಪಿಕ್ಸ್‌ನಲ್ಲಿ ಆಡಲು ಶುರುಮಾಡಿದ ಮೇಲೆ ನಮ್ಮ ತಂಡ ಹಾಕಿಯಲ್ಲಿ ಚಿನ್ನ ಬಿಟ್ಟು ಬಂದದ್ದೇ ಇಲ್ಲ. ಶನಿವಾರ ಅರ್ಧ ದಿನದ ಶಾಲೆ. ಪತ್ರಿಕೆ ಬರುವ ಹೊತ್ತಿಗೆ ಮಕ್ಕಳು ಮನೆಗೆ ಹೋಗಿರುತ್ತಾರೆ. ಅವರು ಸಂತೋಷಪಡುವುದು ಸೋಮವಾರಕ್ಕೆ ಮುಂದೆ ಹೋಗಬಾರದು ಎಂದು ನಾನು ಬೆಳಿಗ್ಗೆಯೇ ಹಲಗೆ ಬರೆದೆ. ಮೂರು ಬಣ್ಣದ ಅಂಚು. ನಡುವೆ: "ಹಾಕಿಯಲ್ಲಿ ಭಾರತಕ್ಕೆ ಏಳನೆಯ ಬಾರಿ ಚಿನ್ನ." ಬಣ್ಣ ಉದುರಬಾರದೆಂದು ಚಾಕ್‌ಪೀಸನ್ನು ನೀರಲ್ಲಿ ಅದ್ದಿ ಬರೆದಿದ್ದೆ. ಮಕ್ಕಳು ಜೈಕಾರ ಹಾಕಿದರು. ಅದ್ರಾಮಾಕ ಬಂದವರಿಗೆಲ್ಲ ಚಹಾಕ್ಕೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿದರು. ಶಂಭಟ್ಟರು ಹತ್ತು ನಿಮಿಷ ಮೊದಲೇ ಗಂಟೆ ಹೊಡೆಸಿದರು. ಅದು ಅವರ ಜೀವನದಲ್ಲೇ ಮೊದಲು.

ಮಧ್ಯಾಹ್ನದ ಬಸ್ಸು ಬಂತು. ಸೊನ್ನೆ–ಒಂದು. ಸೋತಿದ್ದೆವು.

ಹೆಡ್ಮಾಸ್ಟ್ರು ಪತ್ರಿಕೆಯನ್ನು ಎರಡು ಸಲ ಓದಿದರು. "ಸೋತದ್ದನ್ನು ಸಣ್ಣ ಅಕ್ಷರದಲ್ಲಿ ಬರೀರಿ," ಎಂದು ಒಳಗೆ ಹೋದರು. ಸಣ್ಣದಾಗಿ ಬರೆಯಲಿಕ್ಕೂ ಮೊದಲಿನದು ಹೋಗಬೇಕಲ್ಲ. ನೀರಲ್ಲಿ ಅದ್ದಿ ಬರೆದ ಬಣ್ಣ ಎಷ್ಟು ಉಜ್ಜಿದರೂ ಹೋಗಲಿಲ್ಲ. ಮುಂದಿನ ಮಳೆಗಾಲದವರೆಗೆ ನಮ್ಮ ಹಲಗೆಯಲ್ಲಿ, ಏನೇ ಬರೆದರೂ ಅದರ ಅಡಿಯಲ್ಲಿ, ಏಳನೆಯ ಬಾರಿ ಚಿನ್ನ ಮಸುಕಾಗಿ ಕಾಣುತ್ತಲೇ ಇತ್ತು.

"ಮಾಸ್ಟ್ರೆ, ಆ ಸಕ್ಕರೆ ಯಾರ ಲೆಕ್ಕ?" ಎಂದು ಅದ್ರಾಮಾಕ ನಾನು ಆ ಊರು ಬಿಡುವವರೆಗೂ ಕೇಳಿದರು.

ಅವಮಾನವಾದವನು ಸುಮ್ಮನೆ ಕೂರಬೇಕು. ನಾನು ಕೂರಲಿಲ್ಲ. ಮುಂದಿನ ಒಲಿಂಪಿಕ್ಸ್ ಟೋಕಿಯೋದಲ್ಲಿ, ಅದಕ್ಕೆ ಇನ್ನು ನಾಲ್ಕು ವರ್ಷ ಉಂಟು, ಈ ದೇಶಕ್ಕೆ ಓಟಗಾರರು ಬೇಕು, ಅವರು ನಮ್ಮ ಊರಿನಲ್ಲಿ ಯಾಕೆ ಇರಬಾರದು ಎಂದು ಹೊರಟೆ. ನೂರು ಗಜದ ಓಟದ ದಾರಿ ಗುರುತಿಸಲು ನನ್ನಲ್ಲಿ ಒಂದು ಹಗ್ಗ ಇತ್ತು. ತೆಂಗಿನ ನಾರಿನ ಹುರಿಹಗ್ಗ. ಏಪ್ರಿಲ್‌ನಲ್ಲಿ ರಸ್ತೆ ಕೆಲಸದ ಓವರ್ಸಿಯರರ ಉಕ್ಕಿನ ಟೇಪನ್ನು ಒಂದು ದಿನಕ್ಕೆ ತಂದು, ಹಗ್ಗವನ್ನು ಸರಿಯಾಗಿ ನೂರು ಗಜ ಅಳೆದು, ಹತ್ತು ಗಜಕ್ಕೊಂದು ಕೆಂಪು ಬಟ್ಟೆ ಕಟ್ಟಿಟ್ಟಿದ್ದೆ. ಸೆಪ್ಟೆಂಬರ್ ಮಳೆಯಲ್ಲಿ ಅದನ್ನು ಮೈದಾನದಲ್ಲಿ ಹಾಸಿ, ಎರಡು ಕೊನೆಗೂ ಗೂಟ ಹೊಡೆದೆ. ಒಂದು ಅಂಗುಲ ಆಚೀಚೆ ಆಗದ ಹಾಗೆ ಮೂರು ಸಲ ಹಾಸಿದೆನೆಂದು ಡೈರಿಯಲ್ಲಿ ಉಂಟು.

ಎಲ್ಲರನ್ನೂ ಓಡಿಸಿದೆ. ಎಸ್ಸೆಸ್ಸೆಲ್ಸಿ ತರಗತಿಯ ದೇವಕಿ ಎಂಬ ಹುಡುಗಿ, ಉದ್ದ ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ಬರಿಗಾಲಲ್ಲಿ ಓಡಿದಳು. ಸ್ಟಾಪ್‌ವಾಚು ನೋಡಿದೆ. ಹನ್ನೊಂದೂವರೆ ಸೆಕೆಂಡು. ಮರುದಿನ ಮತ್ತೆ ಓಡಿಸಿದೆ. ಅದೇ. ಹಿಂದಿನ ವರ್ಷ ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡಿದ್ದ ರಾಜ್ಯ ಕ್ರೀಡಾಕೂಟದ ಫಲಿತಾಂಶ ತೆಗೆದು ನೋಡಿದೆ. ಅಲ್ಲಿ ಗೆದ್ದ ಹುಡುಗಿಗಿಂತ ನಮ್ಮ ದೇವಕಿ ವೇಗ.

ಶಂಭಟ್ಟರು ಮಂಗಳೂರಿನ ವ್ಯಾಯಾಮ ಇನ್ಸ್‌ಪೆಕ್ಟರಿಗೆ ಪತ್ರ ಬರೆದರು, ಸಮಯವನ್ನು ಕೆಂಪು ಶಾಯಿಯಲ್ಲಿ. ಡಿಸೆಂಬರಿನ ಜಿಲ್ಲಾ ಕೂಟಕ್ಕೆ ಕರೆತನ್ನಿ ಎಂದು ಉತ್ತರ ಬಂತು.

ಉಳಿದದ್ದು ಮನೆಯವರ ಒಪ್ಪಿಗೆ. ದೇವಕಿಯ ಮನೆ ಮರ್ಕಂಜದ ಕಡೆ. ತಂದೆ ಇಲ್ಲ, ಮನೆಯ ಯಜಮಾನರು ಅಜ್ಜ ಕೂಸಪ್ಪ ಗೌಡರು. ನಾನು ಒಂದು ಭಾನುವಾರ ಹೋದಾಗ ಅವರು ದನದ ಹಟ್ಟಿಯ ಎದುರು ಕರುವಿಗೆ ಹೊಸ ಹಗ್ಗ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಎರಡು ಬೆರಳನ್ನು ಹಗ್ಗದ ಮತ್ತು ಕರುವಿನ ಕೊರಳಿನ ನಡುವೆ ತೂರಿಸಿ ನೋಡಿ, ನನ್ನ ಕಡೆ ತಿರುಗಿದರು. ನಾನು ನಿಂತು ಅದನ್ನು ನೋಡಿದ್ದೇನೆ. ಡೈರಿಯಲ್ಲೂ ಬರೆದಿದ್ದೇನೆ. ಆದರೂ ಏನೂ ಹೊಳೆಯಲಿಲ್ಲ.

"ಗೂಡೆ ಓಡ್ತದೆ ಅಂತ ಗೊತ್ತುಂಟು ಮಾಸ್ಟ್ರೆ," ಎಂದರು ಗೌಡರು. ಅವರ ಮನೆಮಾತಿನಲ್ಲಿ ಗೂಡೆ ಎಂದರೆ ಹುಡುಗಿ. "ದನ ಗುಡ್ಡೆಗೆ ಹೋದ್ರೆ ಹಿಡಿದು ತರುದು ಇವಳೇ. ಅದಕ್ಕೆ ಮಂಗಳೂರಿಗೆ ಯಾಕೆ ಹೋಗುದು?"

ದೇವಕಿ ಬಾಗಿಲ ಹಿಂದಿನಿಂದ ಹೇಳಿದಳು: "ನಂಗೆ ಡ್ರಿಲ್ ಟೀಚರ್ ಆಗ್ಬೇಕು ಅಜ್ಜ. ಅದಕ್ಕೆ ಟ್ರೈನಿಂಗ್ ಉಂಟಂತೆ."

ಗೌಡರು ನನ್ನನ್ನೇ ನೋಡುತ್ತಿದ್ದರು. "ಜಾಲ್ಸೂರಿನಿಂದ ಒಂದು ಸಂಬಂಧ ಬಂದುಂಟು. ಒಳ್ಳೆಯ ಮನೆ. ಪರೀಕ್ಷೆ ಮುಗಿದ ಕೂಡ್ಲೆ ಮಾತು ಕೊಡುದು ಅಂತ ಇದ್ದೇನೆ. ಈಗ ನೀವು ಹೇಳಿ. ಇವಳು ಸುಮ್ಮನೆ ಓಡುದಾ, ಅಥವಾ ಓಟದಲ್ಲಿ ಎಂತಾದ್ರೂ ಉಂಟಾ?"

ನಾನು ಪುಸ್ತಕ ತೆರೆದು ಹನ್ನೊಂದೂವರೆ ತೋರಿಸಿದೆ. ರಾಜ್ಯದ ಅಂಕಿಯನ್ನೂ ತೋರಿಸಿದೆ. "ಇದು ನನ್ನ ಮಾತಲ್ಲ ಗೌಡ್ರೆ, ಲೆಕ್ಕದ ಮಾತು."

ಅವರು ಪುಸ್ತಕವನ್ನು ಮುಚ್ಚಿದರು. "ಲೆಕ್ಕ ಹಾಗೆ ಹೇಳುದಾದ್ರೆ ಸರಿ. ಜಿಲ್ಲೆಯಲ್ಲಿ ಮೊದಲ ಮೂವರಲ್ಲಿ ಬರಲಿ. ಬಂದ್ರೆ ಟ್ರೈನಿಂಗಿಗೆ ನಾನೇ ಕರ್ಕೊಂಡು ಹೋಗಿ ಬಿಡ್ತೇನೆ. ಇಲ್ಲದ್ರೆ ಜಾಲ್ಸೂರಿಗೆ ಮಾತು ಕೊಡುದು. ಮತ್ತೆ ಯಾರೂ ಬಂದು ಕೇಳ್ಬಾರ್ದು."

ಮೊದಲ ಮೂವರಲ್ಲಿ ಒಬ್ಬಳಾಗಿ ಅಲ್ಲ, ಮೊದಲನೆಯವಳಾಗಿಯೇ ಬರುತ್ತಾಳೆ ಎಂದು ನಾನು ಎದೆ ತಟ್ಟಿ ಹೇಳಿ ಬಂದೆ.

ನವೆಂಬರ್ ಬಂತು, ಮಳೆ ಬಿಟ್ಟಿತು, ಬಿಸಿಲು ಬಂತು. ಜಿಲ್ಲಾ ಕೂಟಕ್ಕೆ ಮೊದಲು ಓಟದ ದಾರಿಯನ್ನು ಇನ್ನೊಮ್ಮೆ ಅಳೆಯೋಣ ಎಂದು ಅದೇ ಹಗ್ಗ ಹಾಸಿದೆ. ಹಗ್ಗದ ಕೊನೆ ಗೂಟವನ್ನು ದಾಟಿ ಆರು ಗಜ ಆಚೆಗೆ ಹೋಯಿತು.

ಕ್ರಮಬದ್ಧನಾದ ಮನುಷ್ಯ ತನ್ನನ್ನು ಬಿಟ್ಟು ಉಳಿದವರನ್ನೆಲ್ಲ ಕ್ರಮವಾಗಿ ಸಂಶಯಿಸುತ್ತಾನೆ. ಮೊದಲು ಒಂಬತ್ತನೆಯ ತರಗತಿಯವರು ಗೂಟ ಕಿತ್ತು ನೆಟ್ಟಿದ್ದಾರೆ ಎಂದು ಇಡೀ ತರಗತಿಯನ್ನು ಬಿಸಿಲಲ್ಲಿ ನಿಲ್ಲಿಸಿದೆ. ಗೂಟವನ್ನು ಹಗ್ಗದ ಕೊನೆಗೆ ಸರಿಸಿ ದೇವಕಿಯನ್ನು ಓಡಿಸಿದೆ. ಹನ್ನೆರಡು ಸೆಕೆಂಡು ದಾಟಿತು. ಮತ್ತೆ ಓಡಿಸಿದೆ, ದಾಟಿತು. ವಾಚು ಕೆಟ್ಟಿದೆ ಎಂದು ಪುತ್ತೂರಿನ ವಾಚು ರಿಪೇರಿಯವರ ಹತ್ತಿರ ಒಯ್ದೆ. ಅವರು ಬಿಚ್ಚಿ ನೋಡಿ ಹಾಗೆಯೇ ಮುಚ್ಚಿದರು. "ವಾಚು ಸರಿ ಉಂಟು ಮಾಸ್ಟ್ರೆ. ನೋಡುವವರನ್ನು ನಾನು ರಿಪೇರಿ ಮಾಡುದಿಲ್ಲ."

ಉಳಿದದ್ದು ಹುಡುಗಿ. ರಕ್ತ ಕಡಿಮೆಯಾಗಿದೆ ಎಂದು ನಾನೇ ತೀರ್ಮಾನಿಸಿ ಪುತ್ತೂರಿನಿಂದ ಒಂದು ಬಾಟಲಿ ಟಾನಿಕ್ ತಂದುಕೊಟ್ಟೆ. ಮೂರು ವಾರ ಅವಳು ಆ ಕಹಿ ಕುಡಿದು ಓಡಿದಳು. ಸಮಯ ಇಳಿಯಲಿಲ್ಲ. ಅವಳ ಮುಖ ಇಳಿಯಿತು. ಅಭ್ಯಾಸ ಮುಗಿದ ಮೇಲೆ ಮೊದಲಿನ ಹಾಗೆ ಗೆಳತಿಯರ ಜೊತೆ ನಗುವುದನ್ನು ಬಿಟ್ಟು, ಒಬ್ಬಳೇ ಕೂತು ತನ್ನ ಕಾಲನ್ನು ನೋಡಿಕೊಳ್ಳುತ್ತಿದ್ದಳು. ಇದನ್ನು ನಾನು "ಹುಡುಗಿಗೆ ಏಕಾಗ್ರತೆ ಹೆಚ್ಚಿದೆ" ಎಂದು ಬರೆದಿದ್ದೇನೆ.

ಕೂಟಕ್ಕೆ ಹತ್ತು ದಿನ ಇರುವಾಗ ಕೂಸಪ್ಪ ಗೌಡರು ಬೆಳ್ಳಾರೆ ಪೇಟೆಗೆ ಹೋಗುವವರು ಶಾಲೆಯ ಹತ್ತಿರ ಬಸ್ಸು ಇಳಿದರು. ನಾನು ಹಗ್ಗ ಹಾಸುತ್ತಿದ್ದೆ. ಬಂದು ನೋಡಿದರು. ನಾನು ಇದ್ದದ್ದನ್ನು ಹೇಳಿದೆ: ಗೂಟ, ವಾಚು, ಟಾನಿಕ್, ಎಲ್ಲ. ಅವರು ಬಗ್ಗಿ ಹಗ್ಗವನ್ನು ಬೆರಳಲ್ಲಿ ತಿರುಚಿದರು.

"ಈ ಗೂಟ ಮೊದಲು ಹೊಡೆದದ್ದು ಯಾವಾಗ?"

"ಸೆಪ್ಟೆಂಬರಿನಲ್ಲಿ."

"ಮಳೆ ಇತ್ತಾ?"

"ಜೋರು ಮಳೆ. ಆದರೆ ನಾನು ಒಂದು ಅಂಗುಲವೂ ಬಿಡದ ಹಾಗೆ..."

ಗೌಡರು ಪೂರ್ತಿ ಕೇಳಲಿಲ್ಲ. ಹಗ್ಗವನ್ನು ಸುತ್ತಿ ಬಾವಿಕಟ್ಟೆಯ ಮರಿಗೆಯಲ್ಲಿ, ಕಲ್ಲಿನ ತೊಟ್ಟಿಯಲ್ಲಿ, ನೀರಿಗೆ ಹಾಕಿ, ಮೇಲೊಂದು ಕಲ್ಲಿಟ್ಟು, "ನಾನು ಪೇಟೆಗೆ ಹೋಗಿ ಬರ್ತೇನೆ," ಎಂದು ಹೋದರು. ಮಧ್ಯಾಹ್ನ ಬಂದು ಇಬ್ಬರೂ ಸೇರಿ ಹಗ್ಗ ಹಾಸಿದೆವು. ಅದರ ಕೊನೆ ಹಳೆಯ ಗೂಟದ ಗುಳಿಗೆ ಸರಿಯಾಗಿ ಬಂದು ನಿಂತಿತು.

"ನಾರಿನ ಹಗ್ಗ ನೆನೆದ್ರೆ ಮೋಟಾಗ್ತದೆ, ಉದ್ದ ಕಡಿಮೆ ಆಗ್ತದೆ ಮಾಸ್ಟ್ರೆ. ಮಳೆಗಾಲದಲ್ಲಿ ಕರುವಿಗೆ ಬಿಗಿಯಾಗಿ ಕಟ್ಟಿದ್ರೆ ಬೆಳಿಗ್ಗೆಗೆ ಕೊರಳು ಸಿಕ್ಕಿಕೊಳ್ತದೆ. ಅದಕ್ಕೇ ಎರಡು ಬೆರಳು ಸಡಿಲ ಬಿಡುದು. ನಮ್ಮಲ್ಲಿ ದನ ಮೇಯಿಸುವವರಿಗೂ ಗೊತ್ತುಂಟು." ಹಗ್ಗ ಸುತ್ತುತ್ತಾ ಕೇಳಿದರು: "ಮದ್ರಾಸಿನಲ್ಲಿ ಕರು ಇಲ್ವಾ?"

ನನ್ನ ನೂರು ಗಜ ತೊಂಬತ್ತನಾಲ್ಕು ಗಜವಾಗಿತ್ತು. ಆರು ಗಜದ ಸುಳ್ಳನ್ನು ನಾನು ಹತ್ತನೇ ಒಂದು ಸೆಕೆಂಡಿನವರೆಗೆ ನಿಖರವಾಗಿ ಅಳೆದಿದ್ದೆ.

"ಗೌಡ್ರೆ, ನಿಮ್ಮ ಹತ್ತಿರ ನಾನು ಹೇಳಿದ ಲೆಕ್ಕ ಸುಳ್ಳಾಯಿತು," ಎಂದೆ. "ಮೂವರಲ್ಲಿ ಬರುವುದು ಕಷ್ಟ. ನಿಮ್ಮ ಷರತ್ತನ್ನು..."

"ಲೆಕ್ಕ ನಿಮ್ಮದು. ಮಾತು ನನ್ನದು," ಎಂದರು. "ಅದು ಇದ್ದ ಹಾಗೆ ಇರಲಿ."

ಹೆಡ್ಮಾಸ್ಟ್ರಿಗೆ ಹೇಳಿದೆ. "ನೂರಕ್ಕೆ ಆರು! ನನ್ನ ಕ್ಲಾಸಿನಲ್ಲಾದ್ರೆ ನಿಮಗೆ ಸೊನ್ನೆ," ಎಂದು ಇನ್ಸ್‌ಪೆಕ್ಟರಿಗೆ ತಿದ್ದುಪಡಿ ಪತ್ರವನ್ನು ನನ್ನ ಕೈಯಿಂದಲೇ ಬರೆಸಿದರು, ಅದನ್ನೂ ಕೆಂಪು ಶಾಯಿಯಲ್ಲಿ. ಇನ್ಸ್‌ಪೆಕ್ಟರರ ಉತ್ತರ ಒಂದು ಕಾರ್ಡಿನಲ್ಲಿ ಎರಡು ಸಾಲು: ಹುಡುಗಿ ಬರಲಿ. ಹಗ್ಗ ತರಬೇಡಿ.

ದೇವಕಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವಳು ಪೂರ್ತಿ ಕೇಳಿ, "ಹಾಗಾದ್ರೆ ನಾನು ಮೊದಲು ಓಡಿದಷ್ಟೇ ಈಗಲೂ ಓಡ್ತಾ ಇರುದಾ ಸಾರ್?" ಎಂದಳು.

"ಹೌದು. ಸ್ವಲ್ಪ ಹೆಚ್ಚೇ."

"ನನ್ನ ಕಾಲಿಗೆ ಎಂತದೂ ಆಗ್ಲಿಲ್ಲ?"

"ಏನೂ ಆಗಿಲ್ಲ. ಆದದ್ದೆಲ್ಲ ನನ್ನ ತಲೆಗೆ."

ಅವಳು ದೊಡ್ಡದಾಗಿ ಉಸಿರು ಬಿಟ್ಟಳು. ಮೂರು ವಾರ ಆ ಹುಡುಗಿ ತನ್ನ ಕಾಲಿಗೆ ಏನೋ ಆಗಿದೆ, ಜಾಲ್ಸೂರೇ ಗತಿ ಎಂದು ರಾತ್ರಿ ನಿದ್ದೆ ಮಾಡಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಹೇಳಬೇಕಾದದ್ದು ಏನಾದರೂ ಇದ್ದರೆ ಇದೇ. ಅಳತೆ ಹೊಂದದಿದ್ದಾಗ ಮೊದಲು ಅಳೆಯುವ ಹಗ್ಗ ನೋಡಿ, ಓಡುವ ಮಗುವನ್ನು ಕೊನೆಗೆ ನೋಡಿ. ನಾನು ತಲೆಕೆಳಗು ಮಾಡಿದೆ.

"ಸಾರ್," ಎಂದಳು ಹೋಗುವಾಗ. "ಆ ಟಾನಿಕ್ ಇನ್ನು ಕುಡಿಯುದು ಬೇಡ ಅಲ್ವಾ?"

ಮಂಗಳೂರಿನ ಮೈದಾನ ಸಮತಟ್ಟಾಗಿತ್ತು. ಅಷ್ಟು ಸಮತಟ್ಟಾದ ನೆಲವನ್ನು ದೇವಕಿ ನೋಡಿದ್ದು ಅದೇ ಮೊದಲು. ಸುಣ್ಣದ ಗೆರೆಗಳನ್ನು ತುಳಿಯಬಾರದೆಂದು ಸುತ್ತು ಬಳಸಿ ನಡೆದಳು. ಅಂತಿಮ ಓಟದಲ್ಲಿ ಆರು ಜನ. ಇಬ್ಬರ ಕಾಲಲ್ಲಿ ಮೊಳೆ ಇರುವ ಬೂಟು. ಬಂದೂಕಿನ ಸದ್ದಿಗೆ ದೇವಕಿ ಬೆಚ್ಚಿಬಿದ್ದು ಅರ್ಧ ಹೆಜ್ಜೆ ತಡವಾಗಿ ಹೊರಟಳು. ನಾನು ಎರಡು ತಿಂಗಳು ವಿಸಿಲಿನಲ್ಲೇ ಓಡಿಸಿದ್ದೆ; ಕೂಟದಲ್ಲಿ ಬಂದೂಕು ಹೊಡೆಯುತ್ತಾರೆ ಎಂದು ಹೇಳಿರಲೇ ಇಲ್ಲ. ಅದೂ ಆ ದಿನದ ನಾಲ್ಕನೆಯ ಸಾಲಿನಲ್ಲಿ ಉಂಟು. ಅರವತ್ತು ಗಜದ ಹೊತ್ತಿಗೆ ಐದನೆಯವಳಾಗಿದ್ದಳು. ಎಂಬತ್ತಕ್ಕೆ ಒಬ್ಬಳನ್ನು ದಾಟಿದಳು. ಮೂರನೆಯವಳ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ಬರುವಾಗ ದಾರ ಬಂತು.

ನಾಲ್ಕನೆಯವಳು. ಹನ್ನೆರಡು ಸೆಕೆಂಡು ಮತ್ತು ಐದನೇ ಒಂದು. ಅವರ ಟೇಪಿನಲ್ಲಿ, ನಿಜವಾದ ನೂರು ಗಜದಲ್ಲಿ, ಅವಳು ಅಷ್ಟರವರೆಗೆ ಓಡಿದ ಅತ್ಯಂತ ವೇಗದ ಓಟ.

ನಾನು ಪಟ್ಟಿ ಪುಸ್ತಕ ತೆರೆದೆ. ಮೂರು ಕಾಲಂ. ಮುಚ್ಚಿದೆ.

ಹಿಂದಿರುಗುವ ಬಸ್ಸು ಪಾಣೆಮಂಗಳೂರಿನ ಸೇತುವೆ ದಾಟಿತು. ಆಮೇಲೆ ಅವಳೇ ಹೇಳಿದಳು: "ಅಜ್ಜನಿಗೆ ನಾನೇ ಹೇಳ್ತೇನೆ ಸಾರ್. ನೀವು ಲೆಕ್ಕ ಹೇಳುದು ಬೇಡ."

ಸಂಜೆ ನಮ್ಮ ಬಸ್ಸು ನಿಂತಾಗ ಕೂಸಪ್ಪ ಗೌಡರು ಅದ್ರಾಮಾಕನ ಹೋಟೆಲಿನ ಬೆಂಚಿನಲ್ಲಿ ಕೂತಿದ್ದರು. ಎದುರಿನ ಚಹಾ ಆರಿಹೋಗಿತ್ತು. ಮೊದಲು ಕೇಳಿದ್ದು ಅದ್ರಾಮಾಕ. "ಎಂತಾಯ್ತು ಮಗಾ?"

"ನಾಲ್ಕನೇದು," ಎಂದಳು ದೇವಕಿ, ಅಜ್ಜನನ್ನು ನೋಡಿಕೊಂಡು.

ಕಂಡಕ್ಟರ್ ಬಸ್ಸಿನ ಮೇಲಿಂದ ಯಾರದೋ ಹೆಡಿಗೆ ಇಳಿಸುತ್ತಿದ್ದ. ನಾನು ಬಾಯಿ ತೆರೆದೆ. ದೇವಕಿ ನನ್ನ ಕಡೆ ನೋಡಿದಳು, ಮುಚ್ಚಿದೆ.

"ಗೌಡ್ರೆ," ಎಂದರು ಅದ್ರಾಮಾಕ, ಲೋಟ ಒರೆಸುತ್ತಾ. "ನಂಗೆ ಓಟದ ವಿಷಯ ಗೊತ್ತಿಲ್ಲ. ಆ ರೋಮಿನಲ್ಲಿ ನಮ್ಮವ ನಾಲ್ಕನೇದು ಬಂದಾಗ, ಲೋಟೆ ಕೂಡ ಇಲ್ವಾ ಅಂತ ನಾನು ತಮಾಷೆ ಮಾಡಿದೆ. ಈ ಮಾಸ್ಟ್ರು ನಂಗೆ ಇಲ್ಲೇ ನಿಲ್ಲಿಸಿ ಬೈದ್ರು. ಮುಂದೆ ಮೂರೇ ಜನ, ಉಳಿದ ಲೋಕ ಎಲ್ಲ ಹಿಂದೆ ಅಂತ. ಇಷ್ಟೆತ್ತರ ಬರೆದ್ರು ಬೋರ್ಡಿನಲ್ಲಿ."

"ಮಾಸ್ಟ್ರ ಬೋರ್ಡಿನಲ್ಲಿ ಚಿನ್ನವೂ ಬರೆದುಂಟು," ಎಂದರು ಗೌಡರು. ಜಗಲಿಯ ಹಲಗೆಯಲ್ಲಿ ಅದು ಇನ್ನೂ ಕಾಣುತ್ತಿತ್ತು. ಅವರು ಮೊಮ್ಮಗಳ ಕಡೆ ತಿರುಗಿದರು. "ಮೂರನೇದು ಎಷ್ಟು ದೂರ ಇತ್ತು?"

ದೇವಕಿ ಎರಡು ಬೆರಳು ತೋರಿಸಿದಳು. ನಿಜವಾಗಿ ಅದು ಒಂದು ಗೇಣು ಇತ್ತು. ನಾನು ತಿದ್ದಲಿಲ್ಲ. ಆರು ಗಜ ತಪ್ಪಿದವನಿಗೆ ಒಂದು ಗೇಣಿನ ಬಗ್ಗೆ ಮಾತಾಡುವ ಅಧಿಕಾರ ಇಲ್ಲ.

ಗೌಡರು ಅವಳ ಬೆರಳುಗಳನ್ನೇ ನೋಡುತ್ತಾ ಕೂತರು. ಆಮೇಲೆ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದರು.

"ಮೂವರು ಅಂತ ನಾನು ಹೇಳಿದ್ದು ಹೌದು. ಬಿಗಿಯಾಗಿ ಕಟ್ಟಿದ ಹಾಗೆ ಆಯ್ತು. ಕರುವಿಗೇ ಎರಡು ಬೆರಳು ಸಡಿಲ ಬಿಡ್ತೇವೆ," ಎಂದರು. "ಟ್ರೈನಿಂಗಿಗೆ ಅರ್ಜಿ ಹಾಕುದು ಯಾವಾಗ ಮಾಸ್ಟ್ರೆ? ತಾರೀಕು ಸರಿ ನೋಡಿ ಹೇಳಿ. ಅಥವಾ ಹೆಡ್ಮಾಸ್ಟ್ರ ಹತ್ತಿರ ಕೇಳ್ತೇನೆ."

ಅವರು ಹೆಡ್ಮಾಸ್ಟ್ರ ಹತ್ತಿರವೇ ಕೇಳಿದರು.

ಆ ರಾತ್ರಿ ಪಟ್ಟಿ ಪುಸ್ತಕದಲ್ಲಿ ಅಡಿಕೋಲಿಟ್ಟು ಇನ್ನೊಂದು ಗೆರೆ ಎಳೆದೆ. ಮೂರು ಕಾಲಂ ಪುಟದ ಅಗಲವನ್ನೆಲ್ಲ ಹಿಡಿದಿದ್ದರಿಂದ ನಾಲ್ಕನೆಯ ಕಾಲಂ ಬಹಳ ಸಪೂರವಾಯಿತು. ಎರಡು ಹೆಸರು ಬರೆದೆ. ಮೊದಲನೆಯದು ರೋಮ್‌ನದ್ದು.

ಟೋಕಿಯೋ ಬಂದಾಗ ನಾನು ಬುದ್ಧಿವಂತನಾಗಿದ್ದೆ. ಹಾಕಿ ಫೈನಲ್‌ನ ಮರುದಿನ ಪತ್ರಿಕೆ ಬಂದು, ಒಂದು–ಸೊನ್ನೆ ಎಂಬುದನ್ನು ಮೂರು ಸಲ ಓದಿ, ನಮ್ಮವರೇ ಒಂದು ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಒಣ ಚಾಕ್‌ಪೀಸಿನಲ್ಲಿ ಬರೆದೆ: "ಹಾಕಿಯಲ್ಲಿ ಭಾರತಕ್ಕೆ ಏಳನೆಯ ಬಾರಿ ಚಿನ್ನ." ನಾಲ್ಕು ವರ್ಷ ತಡವಾಗಿ ನನ್ನ ವಾಕ್ಯ ನಿಜವಾಗಿತ್ತು. ಆದರೆ ಅಷ್ಟರಲ್ಲಿ ಊರಿಗೆ ಟ್ರಾನ್ಸಿಸ್ಟರು ಬಂದಿತ್ತು. ಅದ್ರಾಮಾಕ ಹಿಂದಿನ ದಿನವೇ ಎಲ್ಲರಿಗೂ ಸಕ್ಕರೆ ಹಾಕಿ ಮುಗಿಸಿದ್ದರು. "ಸುದ್ದಿ ಹೇಳಿದವರಲ್ಲಿ ನೀವು ನಾಲ್ಕನೆಯವರು ಮಾಸ್ಟ್ರೆ," ಎಂದರು.

ಆ ವೇಳೆಗೆ ದೇವಕಿ ತರಬೇತಿ ಮುಗಿಸಿ ಕಡಬದ ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿ ವರ್ಷ ದಾಟಿತ್ತು. ಟೋಕಿಯೋದ ಮರುವಾರ ತನ್ನ ಶಾಲೆಯ ಕ್ರೀಡಾಕೂಟಕ್ಕೆ ತೀರ್ಪುಗಾರನಾಗಿ ಬರಬೇಕೆಂದು ಕಾರ್ಡು ಬರೆದಳು. ಹೋದೆ. ಹಿಂದಿನ ದಿನ ಮಳೆ ಬಂದು ಮೈದಾನ ಒದ್ದೆಯಾಗಿತ್ತು. ಕೂಸಪ್ಪ ಗೌಡರು ಪಂಚೆ ಎತ್ತಿ ಕಟ್ಟಿ, ಮೈದಾನದ ಆ ಕೊನೆಯಲ್ಲಿ ಉಕ್ಕಿನ ಟೇಪಿನ ತುದಿ ಹಿಡಿದುಕೊಂಡು ನಿಂತಿದ್ದರು. ನಾನು ಈ ಕೊನೆ ಹಿಡಿಯಲು ಹೋದೆ.

"ನೀವು ಕೂತ್ಕೊಳ್ಳಿ ಸಾರ್," ಎಂದಳು ದೇವಕಿ. "ಅಳೆಯುದು ನಾವು ಮಾಡ್ತೇವೆ. ನೀವು ಬರೀರಿ ಸಾಕು."

ಬರೆಯಲು ಅವಳೇ ಗೆರೆ ಎಳೆದ ಪುಸ್ತಕ ಕೊಟ್ಟಳು. ನಾಲ್ಕು ಕಾಲಂ ಇದ್ದವು, ನಾಲ್ಕೂ ಒಂದೇ ಅಗಲ. ಇಡೀ ದಿನ ತಲೆ ತಗ್ಗಿಸಿ ಬರೆದೆ. ಡೈರಿಯಲ್ಲಿ ಆ ದಿನದ ಪುಟ ಹೀಗಿದೆ: "ಹವೆ: ಮೋಡ. ಓಡಿದವರು: ನೂರ ಹನ್ನೆರಡು. ಮುರಿದ ಸಾಮಾನು: ಇಲ್ಲ." ನಾಲ್ಕನೆಯ ಸಾಲು ಖಾಲಿ. ಆ ಹತ್ತರಲ್ಲಿ ಜ್ವರ ಇಲ್ಲದೆ ಖಾಲಿ ಉಳಿದ ಒಂದೇ ದಿನ ಅದು.

ವಿಸಿಲನ್ನು ಕಡಬದ ಆ ಮೇಜಿನ ಮೇಲೆಯೇ ಬಿಟ್ಟುಬಂದದ್ದು ಗೊತ್ತಾದದ್ದು ಮರುದಿನ. ಅದನ್ನು ಮರುದಿನದ ಪುಟದಲ್ಲಿ ಬರೆದಿದ್ದೇನೆ.